ಚಳಿ ಬರುವುದರೊಳಗೆ ಅಪ್ಪನ ಸ್ವೆಟರ್ ಮುಗಿಯುತ್ತದಾ?

ಒಂಟಿ ಕಾಲುಚೀಲ, ಉಡುಪಿ · ಅಕ್ಟೋಬರ್ 11

ನಾನು ಈ ಹೆಣಿಗೆ ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ನಾಚಿಕೆ ತಡೆಯಲಾರದೆ ಬರೆಯುತ್ತಿದ್ದೇನೆ. ದೀಪಾವಳಿಗೆ ಮುಂಚೆ ಕಪಾಟು ಚೊಕ್ಕ ಮಾಡೋಣ ಅಂತ ಮೇಲಿನ ಹಲಗೆಯಿಂದ ಉಲ್ಲನ್ ಚೀಲಗಳನ್ನು ಇಳಿಸಿದೆ. ಮೂರು ಚೀಲ ಅಂತ ನನ್ನ ಲೆಕ್ಕ. ಇಳಿದದ್ದು ಐದು.

ಒಂದರಲ್ಲಿ ಕಾಲುಚೀಲ ಇತ್ತು, ಒಂದೇ ಒಂದು. ಅದರ ಜೋಡಿಗೆ ನಾಲ್ಕು ವರ್ಷದಿಂದ ಮುಹೂರ್ತ ಕೂಡಿ ಬಂದಿಲ್ಲ. ಇನ್ನೊಂದರಲ್ಲಿ ಅತ್ತಿಗೆಯ ಊಟದ ಮೇಜಿಗೆ ಅಂತ ಶುರು ಮಾಡಿದ ಕ್ರೋಶಾ ಹಾಸು. ಅದು ತಟ್ಟೆಯಷ್ಟು ಅಗಲಕ್ಕೆ ಬಂದು ನಿಂತಿದೆ. ಅತ್ತಿಗೆ ಈಗ ಮೇಜನ್ನೇ ಬದಲಿಸಿದ್ದಾರೆ. ಮೂರನೆಯದು ಪಕ್ಕದ ಮನೆಯಲ್ಲಿ ಹುಟ್ಟಲಿದ್ದ ಮಗುವಿಗೆ ಟೋಪಿ. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ನಾಲ್ಕನೆಯ ಚೀಲದಲ್ಲಿ ಬರೀ ಉಂಡೆಗಳು, ಅದೂ ಬೂಷ್ಟು ಹಿಡಿದವು. ಐದನೆಯದರಲ್ಲಿ ಅಪ್ಪನ ಸ್ವೆಟರು. ಕಡು ನೀಲಿ, ತೋಳಿಲ್ಲದ್ದು. ಬೆನ್ನಿನ ಭಾಗ ಮುಗಿದಿದೆ, ಎದುರಿನದ್ದು ಮುಕ್ಕಾಲು ಆಗಿದೆ.

ಅಪ್ಪನಿಗೆ 78. ಯಕ್ಷಗಾನ ಆಟ ಇದ್ದರೆ ಊಟ ಬೇಡ. ದೀಪಾವಳಿ ಕಳೆದು ಮೇಳಗಳು ಹೊರಟವು ಅಂದರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅವರನ್ನು ರಾತ್ರಿ ಮನೆಯಲ್ಲಿ ಹಿಡಿದಿಡಲು ಆಗುವುದಿಲ್ಲ. ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿ ಪ್ರಯೋಗ ಅವರ ಪ್ರಕಾರ ಆಟವೇ ಅಲ್ಲ. ಗದ್ದೆಯಲ್ಲಿ ಬೆಳಗಿನವರೆಗೆ ಕೂತು, ಇಬ್ಬನಿಗೆ ತಲೆ ಒಡ್ಡಿ, ಆಮೇಲೆ ಎರಡು ದಿನ ಕೆಮ್ಮುತ್ತಾರೆ. "ಶಾಲು ಉಂಟಲ್ಲ, ಸ್ವೆಟರ್ ಎಂತಕ್ಕೆ" ಅನ್ನುತ್ತಾರೆ. ಶಾಲನ್ನು ಅಲ್ಲೇ ಬಿಟ್ಟು ಬರುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ನೀವೆಲ್ಲ ಒಂದು ಕೆಲಸ ಹಿಡಿದರೆ ಮುಗಿಸುವುದು ಹೇಗೆ? ಬೆಳಿಗ್ಗೆ ಕೂತರೆ ಮೀನಿನವರ ಹಾರ್ನ್. ಮಧ್ಯಾಹ್ನ ಕೂತರೆ ಗುಡುಗು ಮಳೆ, ಕರೆಂಟ್ ಇಲ್ಲ. ರಾತ್ರಿ ಕೂತರೆ ಮೊಬೈಲಿನಲ್ಲಿ ಯಾರೋ ಹೊಸ ಡಿಸೈನ್ ತೋರಿಸುತ್ತಾರೆ. ಹಳೆಯದನ್ನು ಬದಿಗಿಟ್ಟು ಹೊಸದಕ್ಕೆ ಕೈ ಹೋಗುತ್ತದೆ.

ಸುರತ್ಕಲ್ ಸೊಸೆ · ಅಕ್ಟೋಬರ್ 11

ಅಕ್ಕಾ, ಮೊದಲು ಒಂದು ಮಾತು. ನಮ್ಮ ಊರಲ್ಲಿ ಚಳಿಗಾಲ ಅಂತ ಒಂದು ಉಂಟಾ? ಡಿಸೆಂಬರ್, ಜನವರಿಯಲ್ಲೂ ಹಗಲು 32 ಡಿಗ್ರಿ, ರಾತ್ರಿ 20, 21. ಅಷ್ಟಕ್ಕೇ ನಾವು ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡಿ "ಎಂತ ಚಳಿ ಮಾರಾಯ್ರೆ" ಅನ್ನುತ್ತೇವೆ.

ನಾನು ಮಾತ್ರ ಏನೂ ಕಡಿಮೆ ಇಲ್ಲ. ಮನೆಯಲ್ಲಿ ಎಂಟು ಮಫ್ಲರ್ ಉಂಟು. ಹಾಕಿಕೊಳ್ಳುವವರು ಇಲ್ಲ.

ಲಡಿ ಸುತ್ತುವವ, ಮಣಿಪಾಲ · ಅಕ್ಟೋಬರ್ 11

ಇಬ್ಬನಿಯ ಚಳಿ ಬೇರೆ, ಥರ್ಮಾಮೀಟರಿನ ಚಳಿ ಬೇರೆ. ಕೊಯ್ಲಾದ ಗದ್ದೆಯಲ್ಲಿ ಮೂರು ಗಂಟೆ ರಾತ್ರಿ ಕೂತವರಿಗೆ ಗೊತ್ತು. ಬಟ್ಟೆ ಒದ್ದೆಯಾಗಿ ಮೈಗೆ ಅಂಟಿದ ಮೇಲೆ 21 ಡಿಗ್ರಿಯೂ ಹಲ್ಲು ಕಡಿಸುತ್ತದೆ. ನಿಮ್ಮ ತಂದೆಯವರಿಗೆ ಸ್ವೆಟರ್ ಖಂಡಿತ ಬೇಕು.

ಬೂಷ್ಟು ಹಿಡಿದ ಉಲ್ಲನ್ ಎಸೆಯಬೇಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಲ್ಲಿ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿಟ್ಟರೆ ಅದೇ ಆಗುವುದು. ತೇವ ಒಳಗೇ ಸಿಕ್ಕಿಬೀಳುತ್ತದೆ. ಉಂಡೆ ಬಿಚ್ಚಿ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ. ಅಂಗಳದಲ್ಲಿ ಕೊಡವಿ, ಸೋಪು ನೀರಿನಲ್ಲಿ ಅದ್ದಿ ತೆಗೆದು, ಎರಡು ಬಿಸಿಲು ಕಾಣಿಸಿ. ಅಕ್ರಿಲಿಕ್ ಆದರೆ ಏನೂ ಆಗುವುದಿಲ್ಲ. ಕುರಿ ಉಣ್ಣೆ ಆದರೆ ಬಿಸಿನೀರು ಬೇಡ, ತಿಕ್ಕುವುದೂ ಬೇಡ, ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಹತ್ತಿ ಚೀಲದಲ್ಲಿ ಇಡಿ. ಹಳೆ ದಿಂಬಿನ ಕವರ್ ಸಾಕು.

ಮುಗಿಸುವುದು ಹೇಗೆ ಅನ್ನುವುದಕ್ಕೆ ನನ್ನಲ್ಲೂ ಉತ್ತರ ಇಲ್ಲ.

ನೈಟ್ ಶಿಫ್ಟ್, ಮಂಗಳೂರು · ಅಕ್ಟೋಬರ್ 12

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಟೋಪಿ ವಿಷಯ ಬಂತಲ್ಲ, ಅದಕ್ಕೆ ಬಾಯಿ ಹಾಕುತ್ತೇನೆ.

ಚೀಲದಲ್ಲಿ ನುಸಿ ಗುಳಿಗೆ ಹಾಕಿಟ್ಟ ಉಲ್ಲನ್ನಿನಿಂದ ಮಗುವಿನ ಬಟ್ಟೆ ಮಾಡಬೇಡಿ ಅಕ್ಕ. ಕೆಲವು ಮಕ್ಕಳಿಗೆ ಹುಟ್ಟಿನಿಂದ ರಕ್ತದಲ್ಲಿ ಒಂದು ಕಿಣ್ವ ಕಡಿಮೆ ಇರುತ್ತದೆ, ಜಿ6ಪಿಡಿ ಅಂತ. ಅಂಥ ಮಗುವಿಗೆ ಗುಳಿಗೆಯ ನ್ಯಾಫ್ತಲೀನ್ ವಾಸನೆ ತಾಗಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಏರಬಹುದು. ಮಕ್ಕಳ ಉಲ್ಲನ್ ಹೊಸದೇ ಇರಲಿ.

ಅಳತೆ: ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಟೋಪಿ 31, 32ಕ್ಕೆ ಹೆಣೆದರೆ ಎಳೆದು ಸರಿಯಾಗಿ ಕೂರುತ್ತದೆ. ಗುಂಡಿ, ಮಣಿ, ಕುಚ್ಚು, ಗಲ್ಲದ ಕೆಳಗೆ ಕಟ್ಟುವ ಲಾಡಿ ಯಾವುದೂ ಬೇಡ. ತೂತುತೂತಿನ ಲೇಸ್ ಡಿಸೈನ್ ಕಾಲುಚೀಲಕ್ಕೆ ಬೇಡವೇ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು. ಹುಟ್ಟಿದ ಹೊಸತರಲ್ಲಿ ತಲೆ ಬೆಚ್ಚಗಿರಬೇಕು, ಸರಿ. ಆದರೆ ಮನೆಗೆ ಹೋದ ಮೇಲೆ ನಮ್ಮ ಸೆಕೆಯಲ್ಲಿ ಟೋಪಿ, ಸ್ವೆಟರ್, ಗ್ಲೌಸ್, ಮೇಲಿಂದ ಶಾಲು ಸುತ್ತಿ ಮಲಗಿಸುತ್ತಾರೆ. ಮಗು ಬೆವರಿ ಕೆಂಪಗಾಗಿರುತ್ತದೆ. "ಶೀತ ಆಗ್ತದೆ" ಅನ್ನುವ ಅಜ್ಜಿಯರ ಹತ್ತಿರ ವಾದ ಮಾಡಿ ನಾನು ಸೋತಿದ್ದೇನೆ.

ಒಂಟಿ ಕಾಲುಚೀಲ, ಉಡುಪಿ · ಅಕ್ಟೋಬರ್ 12

ಅಯ್ಯೋ, ನಾನು ಎಲ್ಲ ಚೀಲಕ್ಕೂ ಗುಳಿಗೆ ಹಾಕಿದ್ದೆ. ಟೋಪಿ ಈಗಲೇ ಬಿಚ್ಚಿದೆ. ಒಂದು ಕೆಲಸ ಕಡಿಮೆಯಾಯಿತು, ಅಲ್ವಾ? ಇದೂ ಮುಗಿಸಿದ ಲೆಕ್ಕಕ್ಕೆ ಸೇರುತ್ತದೆ ಅಂತ ನಾನು ಹಿಡಿದಿದ್ದೇನೆ.

ಬೆಂದೂರು ಬಾಯಿ · ಅಕ್ಟೋಬರ್ 14

ನನಗೆ 71. ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ತಪ್ಪಿದ್ದರೆ ಅವನದ್ದು.

ಈ ಊರಿಗೆ ಹೆಣಿಗೆ ಕಡ್ಡಿ ಎಂತಕ್ಕೆ ಬಂತು ಅಂತ ಸೊಸೆ ಕೇಳಿದ ಹಾಗಿದೆ. ಚಳಿಗಾಗಿ ಬಂದದ್ದಲ್ಲ ಮಗಾ, ಶಾಲೆಯಿಂದ ಬಂದದ್ದು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸಲು ಶುರು ಮಾಡಿದರು. ಅದಕ್ಕೂ ಮುಂಚೆ, 1834ರಲ್ಲೇ, ಬಾಸೆಲ್ ಮಿಷನ್ನಿನವರು ಬಂದಿದ್ದರು. ಅವರ ನೇಯ್ಗೆ ಕಾರ್ಖಾನೆ ಬಲ್ಮಠದಲ್ಲಿ ಇತ್ತು, ಹೆಂಚಿನದ್ದು 1865ರಿಂದ. ನಮ್ಮ ಕಾಲದ ಕಾನ್ವೆಂಟಿನಲ್ಲಿ ವಾರಕ್ಕೆ ಎರಡು ಪೀರಿಯಡ್ ಸೂಜಿ ಕೆಲಸ. ಹೊಲಿಗೆ ತಪ್ಪಿದರೆ ಸಿಸ್ಟರ್ ಏನೂ ಬಯ್ಯುತ್ತಿರಲಿಲ್ಲ, ಸುಮ್ನೆ ದಾರದ ತುದಿ ಹಿಡಿದು ಎಳೆದುಬಿಡುತ್ತಿದ್ದರು. ವಾರದ ಕೆಲಸ ಒಂದು ನಿಮಿಷದಲ್ಲಿ ಹೋಯಿತು.

ನಾನು ಉಲ್ಲನ್ ಮುಟ್ಟುವುದು ಕಡಿಮೆ. ಬಿಳಿ ಹತ್ತಿ ದಾರದ ಕ್ರೋಶಾ ಜಾಸ್ತಿ. ಇಗರ್ಜಿಯ ಆಲ್ತಾರಿನ ಬಟ್ಟೆಗೆ ಅಂಚು ಹೆಣೆಯುತ್ತೇನೆ, ನಾಲ್ಕು ಬೆರಳು ಅಗಲ. ಮಳೆಗಾಲದಲ್ಲಿ ಉಕ್ಕಿನ ಹುಕ್ಕಿಗೆ ತುಕ್ಕು ಹಿಡಿದು ದಾರದಲ್ಲಿ ಕಂದು ಕಲೆ ಬೀಳುತ್ತದೆ. ಅದಕ್ಕೆ ನಿಂಬೆಹುಳಿ, ಉಪ್ಪು ಹಚ್ಚಿ ಬಿಸಿಲಿಗೆ ಇಡುವುದು. ಹುಕ್ಕನ್ನು ಒಣ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತೇನೆ, ತುಕ್ಕು ಹತ್ತಿರ ಬರುವುದಿಲ್ಲ. ಹುಕ್ಕು ಸಾಗದಿದ್ದರೆ ಒಮ್ಮೆ ತಲೆಗೂದಲಲ್ಲಿ ಆಡಿಸಿದರೆ ಆಯಿತು. ನಮ್ಮ ತಲೆಯಲ್ಲಿ ತೆಂಗಿನೆಣ್ಣೆಗೆ ಬರ ಇಲ್ಲ.

ಕ್ರಿಸ್‌ಮಸ್‌ಗೆ ಮುಂಚೆ ಇದು ಮುಗಿಯಬೇಕು. ಡಿಸೆಂಬರ್ ಬಂದರೆ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಮಾಡುವ ಗಡಿಬಿಡಿ. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ. ಕೈಯೆಲ್ಲ ಹಿಟ್ಟು, ಎಣ್ಣೆ. ಆಗ ಬಿಳಿ ದಾರದ ಹತ್ತಿರ ಹೋಗುವ ಹಾಗಿಲ್ಲ.

ಶಂಕರಪುರದವಳು · ಅಕ್ಟೋಬರ್ 15

ಬಾಯಿ, ನಿಮ್ಮ ಅಕ್ಕಿ ಡಬ್ಬಿ ಉಪಾಯ ಇವತ್ತೇ ಮಾಡಿದೆ.

ನಮ್ಮದು ಮಲ್ಲಿಗೆ ತೋಟ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು. ಒಂದು ಚೆಂಡು ಅಂದರೆ 800 ಹೂ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇಷ್ಟು ಕಟ್ಟಿ ಅಭ್ಯಾಸ ಆದವರಿಗೆ 100 ಸ್ಟಿಚ್ ಎಣಿಸುವುದು ಏನೂ ಅಲ್ಲ. ಕಣ್ಣು ಟಿವಿಯ ಮೇಲೆ, ಬೆರಳು ಅದರಷ್ಟಕ್ಕೆ. ಆದರೂ ಪ್ರತಿ 20 ಸ್ಟಿಚ್‌ಗೆ ಒಂದು ಬಣ್ಣದ ದಾರದ ತುಂಡು ಹಾಕಿಡುತ್ತೇನೆ. ಮಧ್ಯೆ ಎದ್ದು ಬಂದರೆ ಮೊದಲಿನಿಂದ ಎಣಿಸಬೇಕಾಗಿಲ್ಲ.

ಚಳಿ ಶುರುವಾದರೆ ಮೊಗ್ಗು ಕಡಿಮೆ, ದರ ಮೇಲೆ. ಬೇರೆಯವರಿಗೆ ಮಲ್ಲಿಗೆ ದುಬಾರಿ ಅಂತ ಬೇಜಾರು. ನನಗೆ ಕಟ್ಟಲು ಹೂ ಕಡಿಮೆ, ಹೆಣೆಯಲು ಹೊತ್ತು ಜಾಸ್ತಿ. ಹಾಗಾಗಿ ನನ್ನ ಹೆಣಿಗೆ ಎಲ್ಲ ಡಿಸೆಂಬರಿಂದ ಫೆಬ್ರವರಿವರೆಗೆ.

ಅರ್ಧ ದರ · ಅಕ್ಟೋಬರ್ 15

ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಒಳ್ಳೆ ಸ್ವೆಟರ್ ಬರುತ್ತದೆ. ಉಲ್ಲನ್ನಿಗೇ ಅಷ್ಟು ಖರ್ಚು ಮಾಡಿ ಆರು ತಿಂಗಳು ಕೂರುವುದು ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ.

ಸುರತ್ಕಲ್ ಸೊಸೆ · ಅಕ್ಟೋಬರ್ 15

ಗಾಳ ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಕಡಲ ಬದಿ ಕೂರುವವರನ್ನೂ ಹೀಗೇ ಕೇಳುತ್ತೀರಾ ಸರ್? ಮೀನು ಬಂದರಿನಲ್ಲಿ ಸಿಗುತ್ತದೆ.

ಹಗಲು ರೈಲು · ಅಕ್ಟೋಬರ್ 18

ನಾನು ಗಂಡಸು, 34 ವಯಸ್ಸು, ಮಂಗಳೂರಿನವನು, ಕೆಲಸ ಬೆಂಗಳೂರಿನಲ್ಲಿ. ಲಾಕ್‌ಡೌನಿನಲ್ಲಿ ಅಜ್ಜಿಯ ಹತ್ತಿರ ಹೆಣಿಗೆ ಕಲಿತೆ. ಊರಿಗೆ ಬರುವಾಗ ಹೋಗುವಾಗ ಹಗಲು ರೈಲೇ ಹಿಡಿಯುತ್ತೇನೆ, ಬಸ್ಸಿನಲ್ಲಿ ಹೆಣೆದರೆ ತಲೆ ತಿರುಗುತ್ತದೆ.

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿಯಲ್ಲಿ 57 ಸುರಂಗ. ಮೊದಲ ಸಲ ಕೇಬಲ್ ಡಿಸೈನ್, ಜಡೆಯ ಹಾಗೆ ತಿರುಚುವುದು, ಹಿಡಿದು ಕೂತೆ. ಸುರಂಗ ಬಂತು, ಕತ್ತಲು, ಒಂದು ಸ್ಟಿಚ್ ಕೈಬಿಟ್ಟಿತು. ಬೆಳಕು ಬರುವಷ್ಟರಲ್ಲಿ ಅದು ನಾಲ್ಕು ಸಾಲು ಕೆಳಗೆ ಇಳಿದಿತ್ತು. ಎತ್ತಿ ಕೂರಿಸುವಷ್ಟರಲ್ಲಿ ಇನ್ನೊಂದು ಸುರಂಗ. ಈಗ ಘಾಟಿಗೆ ಅಂತಲೇ ಬರೀ ನಿಟ್ ಸಾಲಿನ, ಒಂದೇ ತರಹದ ಸ್ಟಿಚ್ಚಿನ ಮಫ್ಲರ್ ಬೇರೆ ಚೀಲದಲ್ಲಿ ಇಟ್ಟಿರುತ್ತೇನೆ. ಕಣ್ಣು ಮುಚ್ಚಿಯೂ ಹೆಣೆಯಬಹುದು.

ಎದುರಿನ ಸೀಟಿನವರು ಮೊದಲು ಅರ್ಧ ಗಂಟೆ ಬೇರೆ ಕಡೆ ನೋಡುತ್ತಾರೆ. ಆಮೇಲೆ ಒಬ್ಬರು ಅಮ್ಮ ತಡೆಯಲಾರದೆ "ಕೊಡಿ ಇಲ್ಲಿ, ಹಾಗಲ್ಲ" ಅಂತ ಕಡ್ಡಿ ಕಸಿದುಕೊಳ್ಳುತ್ತಾರೆ. ಅವರು ಹಾಸನದಲ್ಲಿ ಇಳಿಯುವಷ್ಟರಲ್ಲಿ ನನ್ನ ಮಫ್ಲರ್ ಅರ್ಧ ಗೇಣು ಉದ್ದ ಆಗಿರುತ್ತದೆ. ಮುಗಿಸುವ ಉಪಾಯ ಬೇಕು ಅಂದಿರಲ್ಲ ಅಕ್ಕ, ರೈಲು ಹತ್ತಿ.

ಒಂಟಿ ಕಾಲುಚೀಲ, ಉಡುಪಿ · ನವೆಂಬರ್ 5

ಅಷ್ಟು ದಿನ ಎಲ್ಲಿಗೆ ಹೋದಿರಿ ಅಂತ ಕೇಳಬೇಡಿ. ದೀಪಾವಳಿ ಬಂತು, ನೆಂಟರು ಬಂದರು. ತುಳಸಿ ಪೂಜೆ ಆಯಿತು. ರಥಬೀದಿಯ ಲಕ್ಷದೀಪೋತ್ಸವಕ್ಕೆ ದಿನಾ ಹೋದೆ. ಹಣತೆ ನೋಡಲು ಅಂತ ಹೋದವಳು ಬರುವಾಗ ಅಂಗಡಿಗೆ ಹೊಕ್ಕು ಹಳದಿ ಉಲ್ಲನ್ ತಂದೆ, ಮೂರು ಉಂಡೆ. ಯಾವುದಕ್ಕೆ ಅಂತ ಕೇಳಬೇಡಿ.

ಆದರೂ ಎದುರಿನ ಭಾಗ ಮುಗಿಸಿದೆ! ಎರಡೂ ಭಾಗ ಜೋಡಿಸಿ ಅಪ್ಪನ ಮೈಗೆ ಹಿಡಿದು ನೋಡಿದರೆ ಅರ್ಧ ಹೊಟ್ಟೆಯೂ ಮುಚ್ಚುವುದಿಲ್ಲ. ಅವರೇನು ದಪ್ಪ ಅಲ್ಲ. ಎದೆ 84 ಸೆಂಟಿಮೀಟರ್. ಸ್ವೆಟರ್ ಸುತ್ತ 90 ಬರಬೇಕಿತ್ತು, 74 ಬಂದಿದೆ. ಪ್ಯಾಟರ್ನಿನಲ್ಲಿ ಬೆನ್ನಿಗೆ 81 ಸ್ಟಿಚ್, 8 ನಂಬರ್ ಕಡ್ಡಿ ಅಂತ ಇತ್ತು. ಎರಡನ್ನೂ ಸರಿಯಾಗಿಯೇ ಮಾಡಿದ್ದೇನೆ. ಅಮ್ಮ "ಪುಳ್ಳಿಗೆ (ಮೊಮ್ಮಗುವಿಗೆ) ಕೊಡು, ಸರಿ ಆಗ್ತದೆ" ಅಂದಳು. ನನಗೆ ಅಳು ಬಂತು.

ಲಡಿ ಸುತ್ತುವವ, ಮಣಿಪಾಲ · ನವೆಂಬರ್ 5

ಪ್ಯಾಟರ್ನ್ ಎಲ್ಲಿಯದು? ಅಮೆರಿಕದ್ದು ಅಂತ ಕಾಣುತ್ತದೆ.

ಒಂಟಿ ಕಾಲುಚೀಲ, ಉಡುಪಿ · ನವೆಂಬರ್ 5

ಹೌದು. ಯಾರೋ ಕಳಿಸಿದ ಪಿಡಿಎಫ್. ಅದರಲ್ಲಿ ಎಲ್ಲ ಇಂಚಿನಲ್ಲಿತ್ತು, ನಾನೇ ಸೆಂಟಿಮೀಟರ್ ಮಾಡಿಕೊಂಡೆ.

ಲಡಿ ಸುತ್ತುವವ, ಮಣಿಪಾಲ · ನವೆಂಬರ್ 5

ಹಾಗಾದರೆ ಕಳ್ಳ ಸಿಕ್ಕಿದ. ಇದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗುವುದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮ ಅಂಗಡಿಯಲ್ಲಿ ಸಿಗುವ ಕಡ್ಡಿಯ ನಂಬರ್ ಹಳೆಯ ಇಂಗ್ಲೆಂಡಿನ ಲೆಕ್ಕ. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಪೂರ. 12 ಅಂದರೆ 2.75 ಮಿಲಿಮೀಟರ್, 10 ಅಂದರೆ 3.25, 8 ಅಂದರೆ 4. ಅಮೆರಿಕದವರದ್ದು ಉಲ್ಟಾ. ಅಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪ. ಅವರ 8 ಅಂದರೆ 5 ಮಿಲಿಮೀಟರ್. ನೀವು 5ರ ಬದಲು 4ರಲ್ಲಿ ಹೆಣೆದಿದ್ದೀರಿ, ಉಲ್ಲನ್ನೂ ಅವರು ಹೇಳಿದ್ದಕ್ಕಿಂತ ಸಪೂರ ಇರಬೇಕು. ಅವರ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ 18 ಸ್ಟಿಚ್. 81 ಸ್ಟಿಚ್ ಅಂದರೆ 45 ಸೆಂಟಿಮೀಟರ್. ನಿಮ್ಮದು 10 ಸೆಂಟಿಮೀಟರಿಗೆ ಎಷ್ಟು ಬರುತ್ತದೆ, ಸ್ಕೇಲ್ ಇಟ್ಟು ಎಣಿಸಿ. 22 ಬರಬಹುದು ಅಂತ ನನ್ನ ಊಹೆ. ಆಗ 81 ಸ್ಟಿಚ್ 37ಕ್ಕೆ ನಿಲ್ಲುತ್ತದೆ. ಎರಡು ಸೇರಿ 74.

ಇನ್ನು ಮುಂದೆ ಪ್ಯಾಟರ್ನಿನ ನಂಬರ್ ನೋಡಲೇಬೇಡಿ, ಮಿಲಿಮೀಟರ್ ನೋಡಿ. ನಮ್ಮ ಪೋನಿ ಕಡ್ಡಿಗಳು ಇಲ್ಲೇ ಪಕ್ಕದ ನೀಲಗಿರಿಯಲ್ಲಿ ತಯಾರಾಗುವುದು, ಮಿಲಿಮೀಟರೂ ಬರೆದಿರುತ್ತದೆ. ಮತ್ತೆ, ಶುರು ಮಾಡುವ ಮೊದಲು ಅಂಗೈ ಅಗಲದ ಸ್ಯಾಂಪಲ್ ತುಂಡು ಹೆಣೆದು ಅಳೆಯಿರಿ.

ಒಂಟಿ ಕಾಲುಚೀಲ, ಉಡುಪಿ · ನವೆಂಬರ್ 6

ಎಣಿಸಿದೆ. 22. ಸ್ಯಾಂಪಲ್ ತುಂಡು ಮಾಡಬೇಕು ಅಂತ ನನಗೂ ಗೊತ್ತಿತ್ತು ಸರ್. ಗೊತ್ತಿದ್ದೂ ಯಾರು ಮಾಡುತ್ತಾರೆ?

ಈಗ ಎಲ್ಲ ಬಿಚ್ಚಬೇಕಾ?

ಸುರತ್ಕಲ್ ಸೊಸೆ · ನವೆಂಬರ್ 6

ಬಿಚ್ಚುವ ಮೊದಲು ನನ್ನ ಕತೆ ಕೇಳಿ. ಯಜಮಾನರ ಸ್ವೆಟರ್ ಹೀಗೇ ಚಿಕ್ಕದಾಗಿತ್ತು. ಇಸ್ತ್ರಿ ಹಾಕಿ ಎಳೆದರೆ ಅಗಲ ಆಗುತ್ತದೆ ಅಂತ ಯಾರೋ ಹೇಳಿದರು. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಟ್ಟೆ. ಅಗಲ ಆಯಿತು, ಸುಳ್ಳಲ್ಲ. ಆದರೆ ಜೀವ ಹೋಯಿತು. ಬಾರ್ಡರಿನ ರಿಬ್ ಹಿಡಿತ ಬಿಟ್ಟು ಹಳೆ ಬನಿಯನ್ನಿನ ಹಾಗೆ ಜೋತುಬಿತ್ತು. ಒಮ್ಮೆ ಹೋದ ಮೇಲೆ ಅದು ಮತ್ತೆ ಬರುವುದಿಲ್ಲ, ಎಷ್ಟು ಒಗೆದರೂ. ಈಗ ಅದು ಗ್ರೈಂಡರಿನ ಮೇಲೆ ಮುಚ್ಚುವ ಬಟ್ಟೆ. ಏನೇ ಮಾಡಿ, ಇಸ್ತ್ರಿ ಮಾತ್ರ ಇಡಬೇಡಿ.

ಬೆಂದೂರು ಬಾಯಿ · ನವೆಂಬರ್ 7

ಬಿಚ್ಚುವುದು ಎಂತಕ್ಕೆ? ಬದಿಗೆ ಪಟ್ಟಿ ಕೊಡು. ರವಿಕೆ ಬಿಗಿಯಾದರೆ ಕಂಕುಳ ಕೆಳಗೆ ತುಂಡು ಸೇರಿಸುವುದಿಲ್ಲವಾ? ಅದೇ ಲೆಕ್ಕ. ಎಡಕ್ಕೊಂದು, ಬಲಕ್ಕೊಂದು.

ಲಡಿ ಸುತ್ತುವವ, ಮಣಿಪಾಲ · ನವೆಂಬರ್ 7

ಬಾಯಿ ಹೇಳಿದ್ದೇ ಸರಿ, ನನಗೆ ಹೊಳೆದಿರಲಿಲ್ಲ. 16 ಸೆಂಟಿಮೀಟರ್ ಕಡಿಮೆ ಇದೆ. ಒಂದು ಬದಿಗೆ 8. ನಿಮ್ಮ ಕೈಯ ಲೆಕ್ಕದಲ್ಲಿ 18 ಸ್ಟಿಚ್, ಜೋಡಿಸುವ ಹೊಲಿಗೆಗೆ ಎರಡು ಸೇರಿಸಿ 20. ರಿಬ್ ಹಾಕಬೇಡಿ, ಅದು ಒಳಗೆ ಎಳೆಯುತ್ತದೆ. ಹೋಗುವಾಗ ಬರುವಾಗ ಎರಡೂ ಸಾಲು ನಿಟ್ ಮಾಡಿ, ಚಪ್ಪಟೆಯಾಗಿ ನಿಲ್ಲುತ್ತದೆ. ಕೆಳಗಿನಿಂದ ಕಂಕುಳವರೆಗೆ ಪಟ್ಟಿ. ಭುಜ ಸ್ವಲ್ಪ ಒಳಗೆ ಕೂರುತ್ತದೆ, ಆದರೆ ಅಂಗಿಯ ಮೇಲೆ ಹಾಕುವ ತೋಳಿಲ್ಲದ ಸ್ವೆಟರಿಗೆ ನಡೆಯುತ್ತದೆ.

ಉಲ್ಲನ್ ಕೊಳ್ಳುವಾಗ ಲೇಬಲ್ಲಿನ ಲಾಟ್ ನಂಬರ್, ಅಂದರೆ ಒಂದೇ ಸಲ ಬಣ್ಣ ಹಾಕಿದ ಉಲ್ಲನ್ನಿನ ಗುರುತು, ನೋಡಿ. ಬಣ್ಣದ ನಂಬರ್ ಒಂದೇ ಇದ್ದರೂ ಲಾಟ್ ಬೇರೆ ಆದರೆ ಬಿಸಿಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಒಂಟಿ ಕಾಲುಚೀಲ, ಉಡುಪಿ · ನವೆಂಬರ್ 12

ಲಾಟ್ ನಂಬರ್ ಹಿಡಿದುಕೊಂಡು ಉಡುಪಿಯಲ್ಲಿ ಮೂರು ಅಂಗಡಿ, ಮಂಗಳೂರಿನ ಹಂಪನಕಟ್ಟೆಯಲ್ಲಿ ಎರಡು ಅಂಗಡಿ ತಿರುಗಿದೆ. ಒಂದು ಕಡೆ ಅಂಗಡಿಯವರು "ಅಮ್ಮಾ, ಇದು ನಾಲ್ಕು ವರ್ಷ ಹಳೆ ಲಾಟ್" ಅಂತ ನಕ್ಕರು. ಅದೇ ನೀಲಿ ಸಿಗಲಿಲ್ಲ. ಹತ್ತಿರ ಹತ್ತಿರದ ನೀಲಿ ಹಾಕಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಆದರೆ ಪೂರ್ತಿ ಬೇರೆ ಬಣ್ಣ ಹಾಕಿದರೆ ಬೇಕೆಂದೇ ಮಾಡಿದ್ದು ಅಂತ ಆಗುತ್ತದಲ್ಲ? ಮನೆಯಲ್ಲಿ ಹಳದಿ ಮೂರು ಉಂಡೆ ಉಂಟು.

(ಮಂಗಳೂರಿಗೆ ಹೋದವಳು ಹೇಗೂ ಹೋದೆ ಅಂತ ಉಡುಪಿ ಸೀರೆ ಒಂದು ತಗೊಂಡೆ. ಉಡುಪಿಯಿಂದ ಮಂಗಳೂರಿಗೆ ಹೋಗಿ ಉಡುಪಿ ಸೀರೆ! ಮನೆಯಲ್ಲಿ ಇನ್ನೂ ಹೇಳಿಲ್ಲ.)

ಶಂಕರಪುರದವಳು · ನವೆಂಬರ್ 12

ನೀಲಿಗೆ ಹಳದಿ ಚೆಂದ ಅಕ್ಕ. ಆಟದ ವೇಷದ ಹಾಗೆ ಕಾಣುತ್ತದೆ, ನಿಮ್ಮ ತಂದೆಯವರು ಬೇಡ ಅನ್ನಲಿಕ್ಕಿಲ್ಲ.

ಒಂಟಿ ಕಾಲುಚೀಲ, ಉಡುಪಿ · ಡಿಸೆಂಬರ್ 2

ಒಂದು ಪಟ್ಟಿ ಆಯಿತು. ಇನ್ನೊಂದು 10 ಸೆಂಟಿಮೀಟರಿಗೆ ನಿಂತಿದೆ. ಮೇಳದವರು ಹೊರಟು ಎಷ್ಟೋ ದಿನ ಆಯಿತು. ಅಪ್ಪ ಈಗಾಗಲೇ ಆರು ಆಟ ನೋಡಿ ಎರಡು ಶಾಲು ಕಳೆದುಕೊಂಡಿದ್ದಾರೆ. ನಾನೂ ಒಂದು ರಾತ್ರಿ ಚೀಲ ಹಿಡಿದುಕೊಂಡು ಜೊತೆಗೆ ಹೋದೆ, ಹೇಗೂ ಎಚ್ಚರ ಇರಬೇಕಲ್ಲ, ಹೆಣೆಯೋಣ ಅಂತ. ಚೆಂಡೆ ಶುರುವಾದ ಮೇಲೆ ಕೈ ಅದರ ಜೊತೆಗೇ ಓಡತೊಡಗಿತು. ಬೆಳಿಗ್ಗೆ ನೋಡಿದರೆ ಯುದ್ಧದ ಹೊತ್ತಿಗೆ ಹೆಣೆದ ಸಾಲುಗಳೆಲ್ಲ ಬಿಗಿ, ಪಟ್ಟಿ ಅಲ್ಲಿ ನಡು ಕಟ್ಟಿದ ಹಾಗೆ ಸಪೂರ. ಅಷ್ಟನ್ನೂ ಬಿಚ್ಚಿದೆ.

ಮತ್ತೆ ಭಾವ ಕಂಬಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಚೀಲ ತೆರೆಯಲೇ ಇಲ್ಲ. ಕೆಸರು ಎಷ್ಟು ದೂರ ಹಾರುತ್ತದೆ ಅಂತ ಗೊತ್ತಲ್ಲ.

ಹಗಲು ರೈಲು · ಡಿಸೆಂಬರ್ 3

ಹೊಸ ಗಡುವು ಇಟ್ಟುಕೊಳ್ಳಿ. ಜನವರಿ 18ಕ್ಕೆ ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ, ಈ ಸಲ ಶಿರೂರು ಮಠದ್ದು. ನಿಮ್ಮ ತಂದೆಯವರು ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ನೋಡದೆ ಇರುತ್ತಾರಾ? ರಾತ್ರಿ ಇಡೀ ಬೀದಿ ಬದಿಯಲ್ಲಿ ನಿಲ್ಲುವ ಕೆಲಸ. ಅದು ಎರಡು ವರ್ಷಕ್ಕೊಮ್ಮೆ ಬರುವುದು, ತಪ್ಪಿದರೆ ಮುಂದಿನದ್ದು 2028ಕ್ಕೆ.

ಒಂಟಿ ಕಾಲುಚೀಲ, ಉಡುಪಿ · ಡಿಸೆಂಬರ್ 3

2028ಕ್ಕೆ ಅಂದರೆ ನನಗೆ ಸರಿಯಾದ ಗಡುವು. ಸುಮ್ನೆ ಹೇಳಿದೆ. ಜನವರಿ 17 ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ಬೆಂದೂರು ಬಾಯಿ · ಡಿಸೆಂಬರ್ 20

ಆಲ್ತಾರಿನ ಅಂಚು ಮುಗಿಯಿತು. ಗಂಜಿ ಹಾಕಿ, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿದ್ದೇನೆ. ನಿನ್ನೆಯಿಂದ ಕಿಡಿಯೊ. ಬಾಚಣಿಗೆಯ ಬೆನ್ನಿಗೆ ಒತ್ತಿ ಸುರುಳಿ ಮಾಡುವಾಗ ಮೊಮ್ಮಗಳು "ಅಜ್ಜಿ, ಇದೂ ನಿಟ್ಟಿಂಗಾ?" ಅಂತ ಕೇಳಿದಳು. ಅವಳಿಗೆ ಬೇಸಗೆ ರಜೆಯಲ್ಲಿ ಹುಕ್ಕು ಕೊಡಬೇಕು.

ಎಲ್ಲರಿಗೂ ಕ್ರಿಸ್‌ಮಸ್ ಶುಭಾಶಯ. ಸ್ವೆಟರ್ ಎಲ್ಲಿಗೆ ಬಂತು?

ಒಂಟಿ ಕಾಲುಚೀಲ, ಉಡುಪಿ · ಜನವರಿ 16

ಮುಗಿಯಿತು! ಇವತ್ತು ರಾತ್ರಿ ಒಂಬತ್ತೂವರೆಗೆ ಕೊನೆಯ ಹೊಲಿಗೆ. ಎರಡು ಬದಿ ಹಳದಿ, ಮಧ್ಯೆ ನೀಲಿ, 90 ಸೆಂಟಿಮೀಟರ್ ಸರಿಯಾಗಿ. ಕಂಕುಳ ಹತ್ತಿರ ಒಂದು ಕಡೆ ಸ್ವಲ್ಪ ಸುಕ್ಕು ಉಂಟು. ಕೈ ಎತ್ತಿದರೆ ಮಾತ್ರ ಕಾಣುತ್ತದೆ.

ಅಪ್ಪ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಏನೂ ಹೇಳಲಿಲ್ಲ. ಆಮೇಲೆ ಊಟಕ್ಕೂ ತೆಗೆಯಲಿಲ್ಲ. ಸಾರು ಚೆಲ್ಲಬಾರದು ಅಂತ ಅಮ್ಮ ಮೇಲಿಂದ ಬೈರಾಸು (ಟವೆಲ್) ಹೊದಿಸಿದಳು.

ಶಂಕರಪುರದವಳು · ಜನವರಿ 16

ಫೋಟೋ ಹಾಕಿ ಅಕ್ಕ!! ಪರ್ಯಾಯಕ್ಕೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದೇನೆ, ನಿದ್ದೆ ಇಲ್ಲ.

ನೈಟ್ ಶಿಫ್ಟ್, ಮಂಗಳೂರು · ಜನವರಿ 17

ಅಂತೂ ಆಯಿತಲ್ಲ! ಟೋಪಿ ಈಗ ಹೊಸ ಉಲ್ಲನ್ನಿನಲ್ಲಿ ಶುರು ಮಾಡಿ ಅಕ್ಕ. ಹುಟ್ಟುವ ಮಕ್ಕಳಿಗೆ ನಮ್ಮಲ್ಲಿ ಕಡಿಮೆ ಇಲ್ಲ.

ಒಂಟಿ ಕಾಲುಚೀಲ, ಉಡುಪಿ · ಜನವರಿ 19

ಪರ್ಯಾಯದ ರಾತ್ರಿ ಜನ ಎಷ್ಟಿತ್ತು ಅಂದರೆ ಗಾಳಿಗೂ ಜಾಗ ಇರಲಿಲ್ಲ. ಚಳಿ ಎಲ್ಲಿಂದ ಬರಬೇಕು? ಹನ್ನೆರಡು ಗಂಟೆಗೇ ಅಪ್ಪ ಬೆವರಿ ಸ್ವೆಟರ್ ಬಿಚ್ಚಿದರಂತೆ. ಬೆಳಿಗ್ಗೆ ಮನೆಗೆ ಬಂದಾಗ ಕೈಯಲ್ಲಿ ಮಡಚಿ ಹಿಡಿದುಕೊಂಡಿದ್ದರು. ಕಳೆದುಕೊಂಡು ಬರಲಿಲ್ಲ, ಅದೇ ದೊಡ್ಡದು ಅಂದುಕೊಂಡೆ.

ನಿನ್ನೆ ರಾತ್ರಿ ಪಕ್ಕದ ಊರಿನಲ್ಲಿ ಆಟ. ಅಲ್ಲಿಗೂ ತಗೊಂಡು ಹೋದರು. ತಮ್ಮ ಹೋಗಿ ನೋಡುವಾಗ ಸ್ವೆಟರನ್ನು ನಾಲ್ಕು ಮಡಿಕೆ ಮಾಡಿ ಗದ್ದೆಯ ಒದ್ದೆ ನೆಲಕ್ಕೆ ಹಾಕಿ ಅದರ ಮೇಲೆ ಕೂತಿದ್ದಾರೆ. "ಒಳ್ಳೆ ಬೆಚ್ಚಗೆ ಉಂಟು, ಇಬ್ಬನಿ ಕೆಳಗಿಂದ ಏರುವುದಿಲ್ಲ" ಅಂದರಂತೆ. ಕೆಮ್ಮು ಇಲ್ಲ ಈ ಸಲ, ಅದು ಹೌದು.

ಸುರತ್ಕಲ್ ಸೊಸೆ · ಜನವರಿ 19

ನಕ್ಕು ನಕ್ಕು ಸಾಕಾಯಿತು ಅಕ್ಕ! ಗ್ರೈಂಡರ್ ಬಟ್ಟೆಗೆ ಒಬ್ಬ ಜೊತೆಗಾರ ಸಿಕ್ಕಿದ.

ಒಂಟಿ ಕಾಲುಚೀಲ, ಉಡುಪಿ · ಜನವರಿ 19

ಕೂರುವ ಹಾಸೇ ಬೇಕಿದ್ದರೆ ಮೊದಲೇ ಹೇಳಬಾರದಾ. ಹಳದಿ ಒಂದು ಉಂಡೆ ಮಿಕ್ಕಿದೆ, ಲಡಿ ಮಾಡಿ ತೊಳೆದ ಹಳೆ ಬಣ್ಣಗಳೂ ಉಂಟು. 40 ಸೆಂಟಿಮೀಟರ್ ಅಗಲಕ್ಕೆ ಎಷ್ಟು ಸ್ಟಿಚ್ ಹಾಕಲಿ ಸರ್? ಅದೇ 4 ಮಿಲಿಮೀಟರ್ ಕಡ್ಡಿ.

ಲಡಿ ಸುತ್ತುವವ, ಮಣಿಪಾಲ · ಜನವರಿ 19

88. ಆದರೆ ಉಲ್ಲನ್ ಬೇರೆ ಬೇರೆ ದಪ್ಪ ಇರಬಹುದು. ಮೊದಲು ಸ್ಯಾಂಪಲ್ ತುಂಡು ಹೆಣೆಯಿರಿ.

ಒಂಟಿ ಕಾಲುಚೀಲ, ಉಡುಪಿ · ಜನವರಿ 19

88 ಹಾಕಿ ಆಯಿತು. ಎರಡನೆಯ ಸಾಲಿನಲ್ಲಿದ್ದೇನೆ.